ಯಾರ ಮನೆಯ ಜೀಪು?

ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆ ಹಳೇ ಜೀಪೊಂದು ಮಾರಾಟಕ್ಕಿದೆ ಎಂಬ ಸುದ್ದಿ ಬಂದರೆ ಜನ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾರ ಮನೆಯದು? ಯಾವ ವರ್ಷದ್ದು, ಎಷ್ಟು ಓಡಿದೆ ಎಂಬುದೆಲ್ಲ ಆಮೇಲೆ. ಮೀಟರಿನ ಕೇಬಲ್ಲು ಕಿತ್ತುಹೋಗಿ ವರ್ಷಗಳಾಗಿರುತ್ತಿದ್ದುದರಿಂದ ಓಡಿದ ಲೆಕ್ಕ ಕೇಳಿ ಪ್ರಯೋಜನವೂ ಇರಲಿಲ್ಲ. ಮನೆ ಗೊತ್ತಾದರೆ ಡ್ರೈವರ್ ಯಾರೆಂದು ಗೊತ್ತಾಗುತ್ತಿತ್ತು, ಡ್ರೈವರ್ ಗೊತ್ತಾದರೆ ಕ್ಲಚ್ ಪ್ಲೇಟಿನ ಸ್ಥಿತಿ ಗೊತ್ತಾಗುತ್ತಿತ್ತು. ಮನೆ ಮುಂದಿನ ಏರು ಎಷ್ಟು ಕಡಿದು, ಹಳ್ಳಕ್ಕೆ ಮೋರಿ ಇದೆಯೋ ಇಲ್ಲವೋ, ಅಡಿಕೆ ಮೂಟೆ ಮಾತ್ರ ಹೇರುತ್ತಿದ್ದರೋ ಮರದ ದಿಮ್ಮಿಯನ್ನೂ ಎಳೆಸುತ್ತಿದ್ದರೋ, ಇಷ್ಟು ತಿಳಿದರೆ ಗಾಡಿಯ ಜಾತಕ ಕೈಗೆ ಬಂದ ಹಾಗೆ.

ಈ ಕಡೆ ಮನೆಗಳು ಗುಂಪಾಗಿಲ್ಲ. ಒಂದು ಕಣಿವೆಗೆ ಒಂದು ಮನೆ, ಒಂದು ತೋಟ, ಆಚೆಗೆ ಗುಡ್ಡ. ಟಾರು ರಸ್ತೆಯಿಂದ ಅಂಗಳದವರೆಗಿನ ದಾರಿಯನ್ನು ಮನೆಯವರೇ ಗುಡ್ಡ ಕಡಿದು ಮಾಡಿಕೊಂಡಿರುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ಇಲ್ಲಿಂದ ದೂರವಿಲ್ಲ. ಜೂನ್ ತಿಂಗಳು ಅರ್ಧ ಕಳೆಯುವ ಹೊತ್ತಿಗೆ ದಾರಿಯ ಮೇಲ್ಮಣ್ಣು ನೆನೆದು ಜಾರತೊಡಗುತ್ತದೆ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತವಿರುವ ಗಾಡಿ ಮೊದಲ ಏರಿನಲ್ಲೇ ಅಡ್ಡಡ್ಡ ನಿಲ್ಲುತ್ತದೆ. ಫೋರ್‌ವೀಲ್ ಜೀಪನ್ನು ಇಲ್ಲಿ ಯಾರೂ ಷೋಕಿಗೆ ಕೊಳ್ಳುತ್ತಿರಲಿಲ್ಲ. ಗೊಬ್ಬರ, ಅಕ್ಕಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ, ಹೆರಿಗೆ ನೋವು ಶುರುವಾದ ಹೆಂಗಸು, ಎಲ್ಲದಕ್ಕೂ ಅದೇ.

1980ರ ದಶಕದ ನಡುವಿನವರೆಗೆ ಆಯ್ಕೆ ಅನ್ನುವುದೇ ಇರಲಿಲ್ಲ. ಅಮೆರಿಕದ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮಹೀಂದ್ರ ಕಂಪನಿ ಇಲ್ಲಿ ಜೋಡಿಸತೊಡಗಿದ್ದು ಸ್ವಾತಂತ್ರ್ಯ ಬಂದ ಹೊಸತರಲ್ಲಿ. ಆ ವಂಶದ ಜೀಪುಗಳೇ ಎಲ್ಲ ಕಡೆ. ಅವು ಪೆಟ್ರೋಲ್ ಕುಡಿಯುತ್ತಿದ್ದುದರಿಂದ ಬೇರೆ ಗಾಡಿಯ ಡೀಸೆಲ್ ಇಂಜಿನ್ ತಂದು ಕೂರಿಸಿಕೊಳ್ಳುವುದು ಮಾಮೂಲಾಗಿತ್ತು. ಮುಂದೆ ಪ್ಯೂಜೊ ಡೀಸೆಲ್ ಇಂಜಿನ್ನಿನ ಎಂಎಂ 540 ಬಂತು. 1985ರ ಕೊನೆಯಲ್ಲಿ ಮಾರುತಿ ಜಿಪ್ಸಿ ಬಂತು: 970 ಸಿಸಿ ಪೆಟ್ರೋಲ್ ಇಂಜಿನ್, 45 ಅಶ್ವಶಕ್ತಿ. ನಮ್ಮ ಕಡೆಯ ಹಿರಿಯರು ಅದನ್ನು ನಂಬಲಿಲ್ಲ. ತಗಡು ತೆಳು, ಇಂಜಿನ್ ಕಾರಿನಷ್ಟು ಸಣ್ಣದು, ನಾಲ್ಕು ಮೂಟೆ ಹೇರಿದರೆ ಕೂತುಬಿಡುತ್ತದೆ ಅನ್ನುತ್ತಿದ್ದರು. ತೂಕ ಕಡಿಮೆ ಇರುವುದೇ ಅದರ ಬಲ ಎಂದು ಅರ್ಥವಾಗಲು ಕೆಲವು ಮಳೆಗಾಲ ಬೇಕಾಯಿತು. ಭಾರದ ಜೀಪು ಹೌಸಿಂಗ್ ಮುಳುಗುವ ತನಕ ಹೂತು ಕೂರುವ ಕೆಸರನ್ನು ಸುಮಾರು ಒಂದು ಟನ್ ತೂಗುವ ಜಿಪ್ಸಿ ಮೇಲ್ಮೇಲೇ ದಾಟಿಹೋಗುತ್ತಿತ್ತು. ಹೂತರೂ ಆರೇಳು ಜನ ಸೇರಿ ಹಿಂಭಾಗ ಎತ್ತಿ ಪಕ್ಕಕ್ಕೆ ಸರಿಸಬಹುದಿತ್ತು. ಸೈನ್ಯ ಅದನ್ನೇ ಸಾವಿರಗಟ್ಟಲೆ ತೆಗೆದುಕೊಳ್ಳತೊಡಗಿದ ಮೇಲೆ ಮಾತಾಡುತ್ತಿದ್ದವರೂ ಸುಮ್ಮನಾದರು.

ಅಪ್ಪ ಕೊಂಡದ್ದು ಕಾಫಿ ಎಸ್ಟೇಟೊಂದರಲ್ಲಿ ದುಡಿದಿದ್ದ ಹಳೇ ಜೀಪು. ನೋಡಲು ಹೋದಾಗ ಜೊತೆಗೆ ಗ್ಯಾರೇಜಿನ ಮೇಸ್ತ್ರಿ ಬಂದಿದ್ದರು. ಮಾರುವವರು ಹೊಸದಾಗಿ ಹಸಿರು ಬಣ್ಣ ಹೊಡೆಸಿ ನಿಲ್ಲಿಸಿದ್ದರು. ಮೇಸ್ತ್ರಿ ಬಣ್ಣದ ಕಡೆ ಕಣ್ಣೆತ್ತಲಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟು ಇಂಜಿನ್ ತಣ್ಣಗಿದೆಯೇ ಎಂದು ನೋಡಿದರು; ಬೆಳಿಗ್ಗೆಯೇ ಬಿಸಿ ಮಾಡಿಟ್ಟ ಗಾಡಿ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಡುತ್ತದೆ. ಆಮೇಲೆ ಗೋಣಿತಾಟು ಹಾಸಿ ಅಡಿಗೆ ನುಸುಳಿದರು. ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದಾಗ ಟಕ್ ಎಂದಿತು. “ಕ್ರಾಸ್ ಹೋಗಿದೆ ಗೌಡ್ರೇ. ದೊಡ್ಡ ಖರ್ಚಲ್ಲ ಬಿಡಿ” ಅಂದರು. ಚಾಸಿಯ ಉದ್ದಕ್ಕೂ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತ ಬಂದರು. ಕಣ್ ಕಣ್ ಅನ್ನುತ್ತಿದ್ದ ಸದ್ದು ಹಿಂದಿನ ಬ್ಲೇಡ್ ಸೆಟ್ಟಿನ ಶ್ಯಾಕಲ್ ಹತ್ತಿರ ದಪ್ ಎಂದಿತು. ಅಲ್ಲೇ ನಿಲ್ಲಿಸಿ ಮತ್ತೊಮ್ಮೆ ಬಡಿದರು. “ಇಲ್ಲಿ ಒಳಗಿಂದ ತಿಂದಿದೆ. ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿಸ್ಬೇಕು. ಅಷ್ಟು ರೇಟು ಇಳಿಸೋಕೆ ಹೇಳಿ.” ಮಾರುವವರು ಮರುಮಾತಿಲ್ಲದೆ ಇಳಿಸಿದರು. ಮೇಸ್ತ್ರಿ ಅಡಿಯಿಂದ ಹೊರಬಂದರೆ ವ್ಯಾಪಾರ ಮುಗಿದಂತೆ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಜೀಪನ್ನು ನೆನೆದು ನಿಟ್ಟುಸಿರಿಡುವವರು ನಮ್ಮ ಮನೆಯಲ್ಲೇ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು; ಹಳ್ಳ ದಾಟಿದರೆ ಒಳಗೆ ನೀರು ಹೊಕ್ಕು ಸ್ವಲ್ಪ ದೂರದವರೆಗೆ ಬ್ರೇಕೇ ಹಿಡಿಯುತ್ತಿರಲಿಲ್ಲ. ಸ್ಟೇರಿಂಗ್ ಕಾಲು ಸುತ್ತು ತಿರುಗಿದ ಮೇಲಷ್ಟೇ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಹ್ಯಾಂಡ್‌ಬ್ರೇಕು ಹೆಸರಿಗೆ ಮಾತ್ರ. ಹಿಂದೆ ಒಬ್ಬ ಹುಡುಗ ಮರದ ಅಡೆ ಹಿಡಿದು ಕೂರುತ್ತಿದ್ದ. ಏರಿನಲ್ಲಿ ಇಂಜಿನ್ ನಿಂತರೆ ಹಾರಿ ಇಳಿದು ಚಕ್ರಕ್ಕೆ ಅಡೆ ಕೊಡುವುದು ಅವನ ಕೆಲಸ. ಹನ್ನೆರಡೋ ಹದಿಮೂರೋ ವಯಸ್ಸು. ಮೂಟೆ ಹೇರಿದ ಗಾಡಿ ಹಿಂದಕ್ಕೆ ಉರುಳುತ್ತಿರುವಾಗ ಅದರ ಚಕ್ರದ ಬುಡಕ್ಕೆ ಮಗುವನ್ನು ಕಳಿಸುತ್ತಿದ್ದ ಕಾಲವನ್ನು ಒಳ್ಳೆಯ ಕಾಲ ಎಂದು ನಾನು ಕರೆಯಲಾರೆ. ಅದನ್ನು ಆಗ ಯಾರೂ ತಪ್ಪೆಂದು ತಿಳಿದಿರಲಿಲ್ಲ ಎಂಬುದು ಇನ್ನೂ ಕೆಟ್ಟ ಸಂಗತಿ.

ಇಷ್ಟಿದ್ದೂ ಜೀಪಿಗೆ ಗಟ್ಟಿ ಗಾಡಿ ಎಂಬ ಹೆಸರಿತ್ತು. ಅದು ಕೆಡುತ್ತಲೇ ಇತ್ತು. ಆದರೆ ಕೆಟ್ಟ ಜಾಗದಲ್ಲೇ, ಕೆಟ್ಟ ದಿನವೇ ರಿಪೇರಿಯಾಗುತ್ತಿತ್ತು. ಶಿವಮೊಗ್ಗದ ಅಂಗಡಿಗೆ ಫೋನು ಮಾಡಿದರೆ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಾಮಾನು ಬರುತ್ತಿತ್ತು. ಕಾರ್ಬ್ಯುರೇಟರ್ ಬಿಚ್ಚಿ ಊದಲು ಡ್ರೈವರಿಗೇ ಬರುತ್ತಿತ್ತು. ಪೇಟೆಯಲ್ಲಿ ಮೇಸ್ತ್ರಿ ಇದ್ದರು, ಅವರ ಕೈಕೆಳಗೆ ಕಲಿಯುವ ಹುಡುಗರಿದ್ದರು. ನಾವು ಗಾಡಿಯ ಬಾಳಿಕೆ ಅಂದುಕೊಂಡಿದ್ದರಲ್ಲಿ ಅರ್ಧದಷ್ಟು ಆ ಗ್ಯಾರೇಜಿನದು. ಹಳೇ ಫೋರ್‌ವೀಲ್ ಕೊಳ್ಳಬೇಕೆಂದು ಸಲಹೆ ಕೇಳುವವರಿಗೆಲ್ಲ ನಾನು ಹೇಳುವುದು ಇದನ್ನೇ: ಗಾಡಿ ಹುಡುಕುವ ಮುಂಚೆ ಅದರ ಅಡಿಗೆ ಹೋಗುವ ಮನುಷ್ಯನನ್ನು ಹುಡುಕಿಕೊಳ್ಳಿ. ಆ ಮನುಷ್ಯ ನಿಮ್ಮೂರಿಂದ ಮೂವತ್ತು ಕಿಲೋಮೀಟರ್ ಒಳಗೆ ಇಲ್ಲವೆಂದರೆ ಹಳೇ ಜೀಪು, ಹಳೇ ಜಿಪ್ಸಿ ಎರಡರ ಆಸೆಯನ್ನೂ ಬಿಡಿ.

ಹೋದ ವರ್ಷ ಚಿಕ್ಕಪ್ಪನ ಮಗ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದ. ಸಣ್ಣ ಫೋರ್‌ವೀಲ್ ಬೇಕೆಂದು ದಿನಾ ರಾತ್ರಿ ಫೋನಿನಲ್ಲಿ ಚಿತ್ರ ಕಳಿಸುತ್ತಿದ್ದ. “ಅಣ್ಣಾ, ಇದು ನೋಡು, ಹೆಂಗಿದೆ?” ಒಂದೊಂದೂ ಮದುವಣಗಿತ್ತಿಯ ಅಲಂಕಾರದಲ್ಲಿ: ಎತ್ತರಿಸಿದ ಬಾಡಿ, ಅಗಲ ಟೈರು, ಮುಂದೆ ವಿಂಚು, ತಲೆಯ ಮೇಲೆ ಎಲ್‌ಇಡಿ ಪಟ್ಟಿ. ಮಾಂದಲಪಟ್ಟಿಗೆ, ಹೆಬ್ಬೆ ಜಲಪಾತಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳು, ವಾರದ ಕೊನೆಗೆ ಕೆಸರು ಹುಡುಕಿಕೊಂಡು ಬರುವ ನಗರದ ಹುಡುಗರು, ಇವರಿಂದಾಗಿ ಹಳೇ ಫೋರ್‌ವೀಲಿನ ಬೆಲೆ ಏರಿದೆ. ಜಿಪ್ಸಿಯ ಮಾರಾಟ ನಿಂತ ಮೇಲಂತೂ ಕೇಳುವುದೇ ಬೇಡ. ಅಲಂಕಾರ ಮಾಡಿದ ಗಾಡಿಯನ್ನು ನಾನು ಮೊದಲ ನೋಟಕ್ಕೇ ಬದಿಗಿಡುತ್ತೇನೆ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರು ಹಾಕಿದರೆ ಆಕ್ಸಲ್, ಕ್ರೌನ್ ಪಿನಿಯನ್, ವೀಲ್ ಬೇರಿಂಗ್ ಎಲ್ಲಕ್ಕೂ ಹೊರೆ. ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಕ್ರಾಸ್ ಬೇಗ ಸವೆಯುತ್ತದೆ. ಕಾನೂನಿನ ತೊಡಕು ಬೇರೆ: ಆರ್‌ಸಿಯಲ್ಲಿ ನಮೂದಾದ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಯಾರ ಮನೆಯದು ಎಂಬ ಪ್ರಶ್ನೆಗೆ ಈಗ ಅರ್ಧ ಉತ್ತರವನ್ನು ಫೋನೇ ಕೊಡುತ್ತದೆ. ನಂಬರ್ ಒತ್ತಿದರೆ ನೋಂದಣಿಯ ತಾರೀಖು, ಎಫ್‌ಸಿ ಎಲ್ಲಿಯವರೆಗೆ, ವಿಮೆ ಇದೆಯೇ, ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ, ಎಲ್ಲ ಸಿಗುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ. ಹಿಂದೆ ಆರ್‌ಸಿ ಪುಸ್ತಕದ ಹಾಳೆಗಳ ನಡುವೆ ಎಷ್ಟು ಮೋಸ ನಡೆಯುತ್ತಿತ್ತೆಂದು ನೋಡಿದವರಿಗೆ ಗೊತ್ತು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಗಾಡಿಗಳು ಅಗ್ಗಕ್ಕೆ ಕಾಣಿಸುತ್ತವೆ. ಎನ್‌ಒಸಿ, ಇಲ್ಲಿಯ ಲೈಫ್‌ಟೈಮ್ ಟ್ಯಾಕ್ಸು, ಹೊಸ ನಂಬರು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಆ ಅಗ್ಗ ಉಳಿಯುವುದಿಲ್ಲ. 15 ವರ್ಷ ತುಂಬಿದ ಗಾಡಿಯ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಸೈನ್ಯದ ಹರಾಜಿನಿಂದ ಬಂದ ಜಿಪ್ಸಿಯಾದರೆ ಇಂಜಿನ್, ಚಾಸಿ ನಂಬರನ್ನು ಕಾಗದದ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡದೆ ಮುಂಗಡ ಕೊಡಬಾರದು.

ಚಾಸಿಯ ಒಳಗೆ ತುಕ್ಕು ತಿಂದದ್ದನ್ನು ಮಾತ್ರ ಯಾವ ಫೋನೂ ಹೇಳದು. ಫೋರ್‌ವೀಲ್ ನಿಜವಾಗಿ ಹಿಡಿಯುತ್ತದೆಯೇ ಎಂಬುದನ್ನೂ ಹೇಳದು. ಇದರ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮೋಸಹೋಗುವವರು ಇಲ್ಲೇ ಹೆಚ್ಚು. ಹಳೇ ಜೀಪು, ಜಿಪ್ಸಿ, ಈಗಿನ ಜಿಮ್ನಿ, ಇವುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದಾಗ ಎರಡು ಪ್ರೊಪೆಲ್ಲರ್ ಶಾಫ್ಟುಗಳೂ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕಾಗುವುದರಿಂದ ಮಣ್ಣಿನಲ್ಲಿ ಸ್ವಲ್ಪ ಜಾರಿ ಸರಿದೂಗುತ್ತದೆ. ಒಣ ಟಾರಿನಲ್ಲಿ ಜಾರಲು ಎಡೆಯಿಲ್ಲದೆ ಎಲ್ಲ ಬಿಗಿದು ಹಲ್ಲುಗಳನ್ನು ತಿನ್ನುತ್ತದೆ. ಟಾರು ರಸ್ತೆಯ ಮೇಲೆ ಫೋರ್‌ವೀಲ್ ಹಾಕಿ ಓಡಿಸಿ ತೋರಿಸುವವರ ಗಾಡಿಯನ್ನು ಕೊಳ್ಳಬೇಡಿ; ಅವರು ಹಿಂದೆಯೂ ಹಾಗೇ ಓಡಿಸಿರುತ್ತಾರೆ. ಮಣ್ಣಿನ ಬಯಲಿಗೆ ಕರೆದೊಯ್ದು, ಹಬ್ ಲಾಕ್ ಇದ್ದರೆ ಲಾಕ್ ಮಾಡಿ, ಫೋರ್‌ವೀಲ್ ಹಾಕಿ, ಪೂರ್ತಿ ಸ್ಟೇರಿಂಗ್ ತಿರುಗಿಸಿ ಮೆಲ್ಲಗೆ ಒಂದು ಸುತ್ತು ಹೊಡೆಯಿರಿ. ಸ್ಟೇರಿಂಗ್ ಬಿಗಿದು ನೇರವಾಗಲು ಒದ್ದಾಡಿದರೆ ಮುಂದಿನ ಚಕ್ರಕ್ಕೆ ಎಳೆತ ಬಂದಿದೆ. ಸಂಶಯವಿದ್ದರೆ ಸಮತಟ್ಟು ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಇಂಜಿನ್ ನಿಲ್ಲಿಸಿ, ಗೇರು ಮತ್ತು ಫೋರ್‌ವೀಲಿನಲ್ಲೇ ಬಿಟ್ಟು ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಡಿ. ಎತ್ತಿದ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಿದರೆ ಎಳೆತ ಎಲ್ಲೋ ಕಡಿದುಹೋಗಿದೆ. ಕೊನೆಗೆ ಇಳಿಜಾರಿನಲ್ಲಿ ಲೋ ಹಾಕಿ, ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಲಿವರ್ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ ಒಳಗಿನ ಹಲ್ಲು ಸವೆದಿದೆ. ಘಾಟಿಯಲ್ಲಿ ಹಾಗಾದರೆ ಬ್ರೇಕೊಂದೇ ಗತಿ.

ಯಾವ ಗಾಡಿ ಎಂಬ ಪ್ರಶ್ನೆಗೆ ನನ್ನ ಉತ್ತರ ಮನೆಯಿಂದ ಮನೆಗೆ ಬೇರೆ. ಮನೆಗೆ ಒಂದೇ ಗಾಡಿ, ಹೆಂಡತಿ ಮಕ್ಕಳು ಅದರಲ್ಲೇ ಓಡಾಡಬೇಕು ಎಂದಾದರೆ 2023ರ ಜೂನ್‌ನಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಈಗ ಸೆಕೆಂಡ್‌ಹ್ಯಾಂಡ್ ಸಿಗುತ್ತಿದೆ. ಸರ್ವೀಸಿನ ದಾಖಲೆ ಪೂರ್ತಿ ಇರುವುದನ್ನೇ ಹುಡುಕಬೇಕು. ಏರ್‌ಬ್ಯಾಗು, ಎಬಿಎಸ್ಸು ಇರುವ, ಜಿಪ್ಸಿಯಂತೆಯೇ ಎರಡೂ ಕಡೆ ಗಟ್ಟಿ ಆಕ್ಸಲ್, ಲ್ಯಾಡರ್ ಚಾಸಿ ಇರುವ ಸಣ್ಣ ಗಾಡಿ ಅದು. ಹೊರೆ ಹೆಚ್ಚು, ಡೀಸೆಲ್ಲೇ ಬೇಕು ಅನ್ನುವವರಿಗೆ 2010ರಲ್ಲಿ ಬಂದ ಹಳೇ ಥಾರ್ ಇದೆ. ಜಿಪ್ಸಿಯನ್ನು ತೋಟದ ಕೆಲಸಕ್ಕೆ, ಎರಡನೇ ಗಾಡಿಯಾಗಿ, ಮೆಕ್ಯಾನಿಕ್ ಹತ್ತಿರವಿದ್ದರೆ ಮಾತ್ರ. ನಾಲ್ಕು ಜನರನ್ನು ಕೂರಿಸಿ ಹೆದ್ದಾರಿಯಲ್ಲಿ ಬೆಂಗಳೂರಿಗೆ ಓಡಿಸುವ ಗಾಡಿ ಅದಲ್ಲ, ಅಷ್ಟೇ.

ತಮ್ಮನ ಮನೆಯಲ್ಲಿ ಕಾರು ಇತ್ತು. ಹಾಗಾಗಿ ಜಿಪ್ಸಿಯನ್ನೇ ಹುಡುಕಿದೆವು. ಸಿಕ್ಕಿದ್ದು 2012ರದ್ದು, ತೋಟದವರೊಬ್ಬರ ಗಾಡಿ. ಬಿಳಿ ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಟೈರು ನಾಲ್ಕೂ ಕಂಪನಿಯ ಅಳತೆಯವೇ. ಹಳೆಯ ಮೇಸ್ತ್ರಿಗೆ ಈಗ ಬಗ್ಗಲಾಗುವುದಿಲ್ಲ; ಅವರ ಗ್ಯಾರೇಜಿನಲ್ಲೇ ಕಲಿತು ಈಗ ಸ್ವಂತ ಶೆಡ್ ಇಟ್ಟಿರುವ ಹುಡುಗ ಅಡಿಗೆ ಹೋದ. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಸ್ಕ್ಯಾನರು. ಚಾಸಿ ಬಡಿದು ನೋಡಲು ಮಾತ್ರ ಅದೇ ಸ್ಕ್ರೂಡ್ರೈವರಿನ ಹಿಡಿ. ಚಾಸಿ ಗಟ್ಟಿಯಿತ್ತು, ಹಿಂದಿನ ಚಕ್ರದ ಮೇಲಿನ ತಗಡು ತೂತಾಗಿತ್ತು, ಮುಂದಿನ ಒಂದು ನಕಲ್ಲಿನಲ್ಲಿ ಎಣ್ಣೆ ಸೋರುತ್ತಿತ್ತು. ಬೆಲೆ ಇಳಿಯಿತು. ಬಂದ ವಾರದಲ್ಲೇ ಸೀಲು, ಕಿಂಗ್‌ಪಿನ್ ಬೇರಿಂಗು, ಬ್ರೇಕ್ ಹೋಸುಗಳು, ಇಂಜಿನ್, ಗೇರ್‌ಬಾಕ್ಸ್, ಎರಡೂ ಹೌಸಿಂಗಿನ ಆಯಿಲ್ ಬದಲಾದವು. ಇದಕ್ಕೆಂದೇ ಗಾಡಿ ಬೆಲೆಯ ಐದನೇ ಒಂದು ಪಾಲು ದುಡ್ಡನ್ನು ಮೊದಲೇ ಎತ್ತಿಡಲು ಹೇಳಿದ್ದೆ, ಅಷ್ಟೂ ಖರ್ಚಾಯಿತು. ಹ್ಯಾಂಡ್‌ಬ್ರೇಕ್ ಕೇಬಲ್ಲನ್ನೂ ಹೊಸದೇ ಹಾಕಿಸಿದ್ದೇವೆ. ಹಿಂದಿನ ತಗಡಿನ ಕೆಲಸ ಬಾಕಿಯಿದೆ; ಮಳೆ ನಿಂತು ಬಿಸಿಲು ಬೀಳದೆ ಅದನ್ನು ಮುಟ್ಟುವುದಿಲ್ಲ ಎಂದಿದ್ದಾನೆ ಹುಡುಗ.