ಎಂಟೂವರೆಯ ಲೆಕ್ಕ

ಗಣಿತಕ್ಕೂ ನನಗೂ ಮೊದಲಿನಿಂದ ಎಣ್ಣೆ-ಸೀಗೆಕಾಯಿಯ ಸಂಬಂಧ. ಎಸ್.ಎಸ್.ಎಲ್.ಸಿ.ಯಲ್ಲಿ ಹೇಗೋ ದಡ ಮುಟ್ಟಿ, ಆ ಶಾಸ್ತ್ರಕ್ಕೆ ದೂರದಿಂದಲೇ ಕೈಮುಗಿದವನು ನಾನು. ಕನ್ನಡದಲ್ಲಿ ಎಂ.ಎ. ಮಾಡಿ ಉಪನ್ಯಾಸಕನಾದ ಮೇಲೆ ಸಂಖ್ಯೆಗಳ ಕಾಟ ತಪ್ಪಿತೆಂದೇ ನಂಬಿದ್ದೆನು. ಅಂಥವನ ತಲೆಯಲ್ಲಿ ‘ಎಂಟೂವರೆ’ ಎಂಬ ಒಂದು ಸಂಖ್ಯೆ ಹಲವು ವರ್ಷಗಳಿಂದ ಬೀಡುಬಿಟ್ಟಿದೆ. ಅದು ಗಡಿಯಾರದ ಎಂಟೂವರೆಯಲ್ಲ; ನೂರಕ್ಕೆ ಎಂಟೂವರೆ. ಅಮೆರಿಕದ ಟೆಕ್ಸಾಸ್ ರಾಜ್ಯದ ವಿದ್ಯಾ ಇಲಾಖೆಯು ತನ್ನ ಶಾಲೆಗಳ ಮೇಲ್ವಿಚಾರಣೆಗೆಂದು ಒಂದು ಕಾಲದಲ್ಲಿ ಇಟ್ಟುಕೊಂಡಿದ್ದ ಅಳತೆಗೋಲು ಅದು. ಅದಕ್ಕೂ ಮಲೆನಾಡಿನ ಒಬ್ಬ ಕನ್ನಡ ಮೇಷ್ಟರಿಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ನಂಟು ನನ್ನ ಅಕ್ಕನ ಕಡೆಯದು.

ಅಕ್ಕ ಮದುವೆಯಾಗಿ ೨೦೦೩ರಲ್ಲಿ ಆ ರಾಜ್ಯಕ್ಕೆ ಹೋದಳು. ಎರಡು ವರ್ಷಗಳ ಮೇಲೆ ಮಗನಾದ. ಮನೆಯಲ್ಲಿ ಅವನನ್ನು ಪುಟ್ಟನೆಂದು ಕರೆಯುತ್ತೇವೆ. ಇಲ್ಲಿಯೂ ಅದೇ ಹೆಸರು ಇರಲಿ. ಪುಟ್ಟ ಬಲು ಮಾತುಗಾರ. ಟೆಲಿಫೋನಿನಲ್ಲಿ ನನಗೆ ಮೊಸಳೆ-ಕೋತಿಯ ಕಥೆಯನ್ನು ಹೇಳುವಾಗ ಕೋತಿಯ ಹೃದಯ ಮರದ ಮೇಲೆ ಉಳಿದುಹೋದ ಸಂಗತಿಯನ್ನು ಎಷ್ಟು ಗಂಭೀರವಾಗಿ ವಿವರಿಸುತ್ತಿದ್ದನೆಂದರೆ, ಹೌದೇ ಇರಬೇಕು ಎನ್ನಿಸುತ್ತಿತ್ತು. ಆದರೆ ಎರಡನೆಯ ತರಗತಿಗೆ ಬಂದರೂ ಪುಸ್ತಕದ ಒಂದು ಸಾಲನ್ನು ಓದಲು ಅವನಿಂದ ಆಗಲಿಲ್ಲ. ಮೂರಕ್ಷರದ ಇಂಗ್ಲಿಷ್ ಪದವೂ ಅವನಿಗೆ ಪ್ರತಿದಿನ ಹೊಸದೇ. ನಿನ್ನೆ ಬಂದದ್ದು ಇಂದು ಬಾರದು.

ಅಕ್ಕ ಶಾಲೆಗೆ ಹೋಗಿ, ಮಗುವಿನ ಕಲಿಕೆಯನ್ನು ಪರೀಕ್ಷಿಸಿ ನೋಡಬೇಕೆಂದು ಕೇಳಿಕೊಂಡಳು. ಉಪಾಧ್ಯಾಯಿನಿ ಸಜ್ಜನೆ, ಇಂದಿಗೂ ಅಕ್ಕ ಆಕೆಯ ವಿಷಯದಲ್ಲಿ ಒಂದು ಕೆಟ್ಟ ಮಾತನ್ನೂ ಆಡುವುದಿಲ್ಲ. ‘ಸ್ವಲ್ಪ ಕಾದು ನೋಡೋಣ’ ಎಂದಳು. ಕಾದದ್ದಾಯಿತು. ಮುಂದಿನ ವರ್ಷ ಸಭೆ ಸೇರಿದಾಗ ಶಾಲೆಯವರು ಮನೆಯಲ್ಲಿ ಆಡುವ ಭಾಷೆ ಯಾವುದೆಂದು ವಿಚಾರಿಸಿದರು. ಕನ್ನಡವೆಂದು ಅಕ್ಕ ಹೇಳಿದಳು. ಹಾಗಾದರೆ ಕಾರಣ ಅದೇ ಇರಬಹುದು; ಎರಡು ಭಾಷೆಗಳ ನಡುವೆ ಮಗು ಗೊಂದಲಕ್ಕೆ ಬಿದ್ದಿದೆ; ಕೆಲವು ಕಾಲ ಇಂಗ್ಲಿಷನ್ನೇ ಆಡಿ ನೋಡಿ ಎಂದು ಅವರ ಸಲಹೆ.

೨೦೧೩ರ ಆ ದಿನಗಳಲ್ಲಿ ನಮ್ಮ ಅಮ್ಮ ಮೊಮ್ಮಗನೊಡನೆ ಆರು ತಿಂಗಳು ಇದ್ದು ಬರಲೆಂದು ಅಲ್ಲಿಗೆ ಹೋಗಿದ್ದಳು. ಅಮ್ಮನಿಗೆ ತಿಳಿದಿದ್ದ ಇಂಗ್ಲಿಷ್ ಪದಗಳನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಮನೆಯಲ್ಲಿ ಕನ್ನಡ ನಿಂತಮೇಲೆ ಅವಳು ಆಡುವುದಕ್ಕೆ ಏನೂ ಉಳಿಯಲಿಲ್ಲ. ಪುಟ್ಟ ಕಥೆ ಕೇಳಲು ಬಂದರೆ ನಕ್ಕು, ತಲೆ ಸವರಿ, ತಿನ್ನಲು ಏನಾದರೂ ಕೊಟ್ಟು ಕಳುಹಿಸುತ್ತಿದ್ದಳಂತೆ. ಆರು ತಿಂಗಳೆಂದು ಹೋದವಳು ನಾಲ್ಕನೆಯ ತಿಂಗಳಿಗೇ ಹಿಂದಿರುಗಿದಳು. ಬಂದ ರಾತ್ರಿ ನನಗೆ ಊಟ ಬಡಿಸುತ್ತಾ ತಗ್ಗಿದ ದನಿಯಲ್ಲಿ, ‘ನನ್ನ ಮಾತಿನಿಂದಲೇ ಮಗುವಿಗೆ ಓದು ಹತ್ತಲಿಲ್ಲವಂತೆ ಕಣೋ’ ಎಂದಳು.

ಅಂದು ನಾನು ಏನು ಹೇಳಬೇಕಾಗಿತ್ತು! ಕೆಲಸಕ್ಕೆ ಸೇರಿ ಎರಡು ವರ್ಷಗಳಾಗಿದ್ದವು. ರಾಜ್ಯೋತ್ಸವದ ವೇದಿಕೆಗಳಲ್ಲಿ ಮಾತೃಭಾಷೆಯ ಮಹಿಮೆಯನ್ನು ಕುರಿತು ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದೆನು. ಅಂಥ ನಾನು ಸಾರನ್ನ ಕಲಸುತ್ತಾ, ‘ತಿಳಿದವರು ಹೇಳಿದ್ದಾರೆ, ಇದ್ದರೂ ಇರಬಹುದು’ ಎಂದೆನು. ಅಮ್ಮ ಮತ್ತೆ ಆ ಮಾತನ್ನು ಎತ್ತಲಿಲ್ಲ. ೨೦೧೬ರ ಮಾರ್ಚಿಯಲ್ಲಿ ಅವಳು ತೀರಿಕೊಂಡಳು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಹ್ಯೂಸ್ಟನ್ ಕ್ರಾನಿಕಲ್’ ಪತ್ರಿಕೆ ಒಂದು ಲೇಖನಮಾಲೆಯನ್ನು ಆರಂಭಿಸಿತು. ಬರೆದವರು ಬ್ರಯಾನ್ ರೋಸೆಂಥಾಲ್ ಎಂಬ ವರದಿಗಾರರು. ಅಕ್ಕ ಅದನ್ನು ಓದಿ, ಅಲ್ಲಿಯ ನಡುರಾತ್ರಿಯಲ್ಲಿ ನನಗೆ ಫೋನ್ ಮಾಡಿದಳು. ಆಗ ಮೊದಲ ಬಾರಿಗೆ ಎಂಟೂವರೆಯ ಹೆಸರು ನನ್ನ ಕಿವಿಗೆ ಬಿತ್ತು.

ವಿಷಯ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಅಂಗವೈಕಲ್ಯವೋ ಕಲಿಕೆಯ ತೊಡಕೋ ಇರುವ ಮಕ್ಕಳನ್ನು ಶಾಲೆಯಿಂದ ಹೊರಗಿಡುವುದು ಅಮೆರಿಕದಲ್ಲಿಯೂ ಬಹುಕಾಲ ನಡೆದುಬಂದ ಪದ್ಧತಿಯೇ. ಎಂಬತ್ತು ಲಕ್ಷಕ್ಕೂ ಹೆಚ್ಚು ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಕ್ಕ ಶಿಕ್ಷಣವಿಲ್ಲ, ಹತ್ತು ಲಕ್ಷ ಮಕ್ಕಳಿಗೆ ಶಾಲೆಯ ಬಾಗಿಲೇ ಇಲ್ಲ ಎಂಬುದನ್ನು ಅಲ್ಲಿಯ ಕಾಂಗ್ರೆಸ್ಸೇ ಒಪ್ಪಿಕೊಂಡು, ಒಂದು ಕಾಯಿದೆ ಮಾಡಿತು. ೧೯೭೫ರ ನವೆಂಬರ್ ೨೯ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ ಸಹಿ ಹಾಕಿದರು. ಅದರ ಒಂದು ವಿಧಿ ನನಗೆ ಬಹಳ ಹಿಡಿಸಿತು: ತಂದೆತಾಯಿಗಳು ಬಂದು ಬೇಡಲೆಂದು ಕಾಯಕೂಡದು, ಅಂಥ ಮಕ್ಕಳನ್ನು ಹುಡುಕುವುದು ಸರಕಾರದ್ದೇ ಹೊಣೆ. ಹುಡುಕಿ, ಪರೀಕ್ಷಿಸಿ, ಒಂದೊಂದು ಮಗುವಿಗೂ ಬೇರೆ ಬೇರೆಯಾಗಿ ಕಲಿಕೆಯ ಯೋಜನೆಯನ್ನು ಬರೆಯಬೇಕು.

ಈ ಹೊಣೆಯನ್ನು ಹೊರುವುದು ಅಲ್ಲಿಯ ಸ್ಕೂಲ್ ಡಿಸ್ಟ್ರಿಕ್ಟು. ಅದು ನಮ್ಮ ಕಂದಾಯ ಜಿಲ್ಲೆಯಂತಲ್ಲ. ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ, ತೆರಿಗೆಯೆತ್ತುವ ಅಧಿಕಾರವುಳ್ಳ, ಚುನಾಯಿತ ಮಂಡಳಿಯಿರುವ ಸಂಸ್ಥೆ. ಟೆಕ್ಸಾಸಿನಲ್ಲಿ ಇಂಥವು ಸಾವಿರಕ್ಕೂ ಹೆಚ್ಚು. ಅವುಗಳ ಮೇಲೆ ರಾಜ್ಯದ ಇಲಾಖೆಯ ಕಣ್ಣು. ರಾಜ್ಯದ ಮೇಲೆ ವಾಷಿಂಗ್ಟನ್ನಿನ ಕಣ್ಣು. ಪ್ರತಿ ರಾಜ್ಯವೂ ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು. ವಾಷಿಂಗ್ಟನ್ನು ಅದನ್ನು ನೋಡಿ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. ಹಳ್ಳಿಯ ಲೆಕ್ಕ ತಾಲ್ಲೂಕಿಗೆ, ತಾಲ್ಲೂಕಿನ ಲೆಕ್ಕ ಜಿಲ್ಲೆಗೆ ಹೋಗುವ ನಮ್ಮ ಜಮಾಬಂದಿಯನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ.

೨೦೦೪ರಲ್ಲಿ ಟೆಕ್ಸಾಸಿನ ಇಲಾಖೆ ತನ್ನ ಮೇಲ್ವಿಚಾರಣೆಯ ಪಟ್ಟಿಯಲ್ಲಿ ಒಂದು ಹೊಸ ಕಾಲಮನ್ನು ಸೇರಿಸಿತು. ಡಿಸ್ಟ್ರಿಕ್ಟಿನ ಒಟ್ಟು ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿ ವಿಶೇಷ ಶಿಕ್ಷಣದಲ್ಲಿದ್ದಾರೆ? ೮.೫ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಉತ್ತಮ ದರ್ಜೆ. ಹೆಚ್ಚಾದಷ್ಟೂ ದರ್ಜೆ ಇಳಿಯುತ್ತದೆ, ವಿವರಣೆ ಬರೆಯಬೇಕಾಗುತ್ತದೆ, ತಪಾಸಣೆಯವರು ಬರಬಹುದು. ಇಷ್ಟೇ. ಯಾರನ್ನೂ ಹೊರಗಿಡಿರೆಂದು ಯಾರೂ ಆಜ್ಞೆ ಮಾಡಲಿಲ್ಲ. ಆಗ ರಾಜ್ಯದಲ್ಲಿ ಆ ಪ್ರಮಾಣ ೧೧.೬ ಇದ್ದಿತು. ೨೦೧೬ರ ಹೊತ್ತಿಗೆ ಅದು ೮.೬ಕ್ಕೆ ಬಂದು ನಿಂತಿತು. ಆ ಅವಧಿಯಲ್ಲಿ ಟೆಕ್ಸಾಸಿನ ಶಾಲೆಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ಮಕ್ಕಳು ಬಂದರು. ವಿಶೇಷ ಶಿಕ್ಷಣದ ಮಕ್ಕಳು ಮಾತ್ರ ಸುಮಾರು ೫ ಲಕ್ಷ ೯ ಸಾವಿರದಿಂದ ೪ ಲಕ್ಷ ೭೭ ಸಾವಿರಕ್ಕೆ ಇಳಿದರು. ಇಡೀ ದೇಶದ ಸರಾಸರಿ ನೂರಕ್ಕೆ ಹದಿಮೂರು. ಟೆಕ್ಸಾಸೂ ಹಾಗೆಯೇ ಇದ್ದಿದ್ದರೆ ಇನ್ನೂ ಎರಡೂವರೆ ಲಕ್ಷ ಮಕ್ಕಳಿಗೆ ನೆರವು ದೊರೆಯುತ್ತಿತ್ತೆಂದು ಆ ಪತ್ರಿಕೆ ಲೆಕ್ಕ ಹಾಕಿತು. ಎರಡೂವರೆ ಲಕ್ಷ! ನಮ್ಮ ಕಡೆಯ ಒಂದು ತಾಲ್ಲೂಕಿನ ಜನರೆಲ್ಲ ಸೇರಿದರೂ ಅಷ್ಟಾಗುವುದು ಕಷ್ಟ.

ಇಲಾಖೆಯವರು ಇದು ಮಿತಿಯಲ್ಲ, ಸೂಚಕ ಮಾತ್ರ ಎಂದು ವಾದಿಸಿದರು. ವಾದದಲ್ಲಿ ಪೂರ್ತಿ ಹುರುಳಿಲ್ಲವೆನ್ನಲಾರೆ. ಬೇಡದ ಮಕ್ಕಳನ್ನೂ ವಿಶೇಷ ತರಗತಿಗೆ ತಳ್ಳುವ ಅನ್ಯಾಯ ಆ ದೇಶದಲ್ಲಿ ನಡೆದದ್ದುಂಟು. ೧೯೭೦ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಯಾನಾ ಎಂಬ ಹೆಸರಿನ ಮೊಕದ್ದಮೆ ನಡೆಯಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ, ಬುದ್ಧಿ ಸಾಲದೆಂದು ಬೇರೆ ತರಗತಿಯಲ್ಲಿ ಕೂರಿಸಿದ್ದರು. ಅವರದೇ ಭಾಷೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಬಹುಮಂದಿ ಜಾಣರೇ ಎಂದು ತಿಳಿದುಬಂತು. ಆದಕಾರಣವೇ ಮುಂದೆ ಕಾಯಿದೆಯಲ್ಲಿ ಎರಡು ಮಾತು ಸೇರಿದವು. ಇಂಗ್ಲಿಷ್ ಬಾರದಿರುವುದನ್ನೇ ಮುಖ್ಯ ಕಾರಣವಾಗಿಟ್ಟುಕೊಂಡು ಮಗುವಿಗೆ ವೈಕಲ್ಯದ ಹೆಸರು ಹಚ್ಚಕೂಡದು, ಒಂದು. ಸಾಧ್ಯವಿರುವ ಕಡೆಯೆಲ್ಲ ಮಗುವನ್ನು ಅದರ ಸ್ವಂತ ಭಾಷೆಯಲ್ಲೇ ಪರೀಕ್ಷಿಸಬೇಕು, ಇನ್ನೊಂದು.

ಮೊದಲನೆಯ ಮಾತು ಪುಟ್ಟನ ಪಾಲಿಗೆ ಅಡ್ಡಗೋಡೆಯಾಯಿತು. ಎರಡನೆಯ ಮಾತನ್ನು ಆ ಸಭೆಯಲ್ಲಿ ಯಾರೂ ಆಡಲಿಲ್ಲ. ಕನ್ನಡದಲ್ಲಿ ಅವನನ್ನು ಪರೀಕ್ಷಿಸಿದ್ದರೆ ಕೋತಿ-ಮೊಸಳೆಯ ಕಥೆಯನ್ನಾದರೂ ಹೇಳುತ್ತಿದ್ದನು. ಬುದ್ಧಿಯೂ ಮಾತೂ ನೆಟ್ಟಗಿವೆ, ತೊಡಕಿರುವುದು ಅಕ್ಷರದಲ್ಲಿ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು.

ಅವನ ಅರ್ಜಿ ಎಂಟೂವರೆಯ ದೆಸೆಯಿಂದಲೇ ನಿಂತಿತೆಂದು ಸಾಧಿಸುವ ಆಧಾರ ನನ್ನಲ್ಲಿಲ್ಲ. ಅಕ್ಕನಲ್ಲಿಯೂ ಇಲ್ಲ. ೨೦೧೮ರ ಬೇಸಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಅವಳು ಒಂದು ರಟ್ಟಿನ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿ ತೋರಿಸಿದಳು. ನಾಲ್ಕು ವರ್ಷಗಳ ಕಾಗದಗಳು. ಒಂದೊಂದನ್ನೂ ಓದಿದೆನು. ಎಷ್ಟು ಸೌಮ್ಯವಾದ ಭಾಷೆ! ‘ಇಲ್ಲ’ ಎಂಬ ಪದ ಎಲ್ಲಿಯೂ ಇಲ್ಲ. ಇನ್ನಷ್ಟು ಮಾಹಿತಿ ಸಂಗ್ರಹಿಸೋಣ, ತರಗತಿಯಲ್ಲಿಯೇ ಬೇರೆ ಉಪಾಯ ಮಾಡೋಣ, ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ನೋಡೋಣ. ನಾನು ಇಷ್ಟು ವರ್ಷ ಭಾಷೆಯನ್ನೇ ವ್ಯಾಸಂಗ ಮಾಡಿದವನು. ನಿಷೇಧವಿಲ್ಲದೆ ನಿಷೇಧಿಸುವ ಇಂಥ ಗದ್ಯವನ್ನು ಕಂಡಿರಲಿಲ್ಲ.

ಪತ್ರಿಕೆ ಬರೆದಮೇಲೆ ಗಾಳಿ ತಿರುಗಿತು. ವಾಷಿಂಗ್ಟನ್ನಿನ ಅಧಿಕಾರಿಗಳು ಟೆಕ್ಸಾಸಿಗೆ ಬಂದು ತಂದೆತಾಯಿಗಳ ಅಹವಾಲು ಕೇಳಿದರು. ಹನ್ನೆರಡು ಡಿಸ್ಟ್ರಿಕ್ಟುಗಳಿಗೆ ಹೋಗಿ ದಾಖಲೆ ನೋಡಿದರು. ೨೦೧೭ರಲ್ಲಿ ರಾಜ್ಯದ ಶಾಸನಸಭೆ ಅಂಥ ಅಳತೆಗೋಲನ್ನೇ ಕಾಯಿದೆಯಿಂದ ನಿಷೇಧಿಸಿತು. ೨೦೧೮ರ ಜನವರಿಯಲ್ಲಿ, ಟೆಕ್ಸಾಸ್ ಕಾಯಿದೆಯನ್ನು ಮುರಿದಿದೆ ಎಂದು ಕೇಂದ್ರದ ಶಿಕ್ಷಣ ಇಲಾಖೆ ಲಿಖಿತವಾಗಿ ಸಾರಿತು. ಕೈಬಿಟ್ಟ ಮಕ್ಕಳನ್ನು ಮತ್ತೆ ಹುಡುಕಬೇಕೆಂದು ವಿಧಿಸಿತು. ೨೦೨೨-೨೩ರ ವೇಳೆಗೆ ಪ್ರಮಾಣ ನೂರಕ್ಕೆ ಹನ್ನೆರಡನ್ನು ದಾಟಿತ್ತು. ಟೆಕ್ಸಾಸಿನ ಗಾಳಿ-ನೀರಿಗೆ ಏನೂ ಆಗಿರಲಿಲ್ಲ. ಒಂದು ಕಾಲಮ್ ಹೋಗಿತ್ತು, ಅಷ್ಟೆ.

ಪುಟ್ಟನ ಪರೀಕ್ಷೆ ೨೦೧೭ರಲ್ಲಿ ಆಯಿತು. ಡಿಸ್ಲೆಕ್ಸಿಯ ಎಂದರು. ಹುಟ್ಟಿನಿಂದ ಬಂದದ್ದು, ಮನೆಯ ಭಾಷೆಯಿಂದ ಬರುವಂಥದಲ್ಲ ಎಂದು ವರದಿಯ ಎರಡನೆಯ ಪುಟದಲ್ಲಿಯೇ ಬರೆದಿದ್ದರು. ಅಕ್ಕ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಆಗ ಅವನಿಗೆ ಹನ್ನೆರಡು ವರ್ಷ. ಅಭ್ಯಾಸ ಮಾಡಿಸುವವರು ದೊರೆತರು; ನಿಧಾನವಾಗಿ ಇಂಗ್ಲಿಷ್ ಓದಲು ಕಲಿತನು. ಕನ್ನಡ ಮಾತ್ರ ಹೋದದ್ದು ಹೋಯಿತು. ನಾನು ಹೋಗಿದ್ದಾಗ ‘ಮಾಮ, ಊಟ ಆಯ್ತಾ’ ಎಂದು ಎರಡು ಹೊತ್ತೂ ತಪ್ಪದೆ ಕೇಳುತ್ತಿದ್ದನು. ಅದರ ಮುಂದಿನ ಮಾತಿಗೆ ನಾವಿಬ್ಬರೂ ಇಂಗ್ಲಿಷಿಗೆ ಹೊರಳಿಕೊಳ್ಳಬೇಕಾಗುತ್ತಿತ್ತು.

ಇದನ್ನೆಲ್ಲ ದೂರದ ದೇಶದ ಕಥೆಯೆಂದು ಬರೆದು ಮುಗಿಸಬಹುದಾಗಿತ್ತು. ಆದರೆ ಮೂರು ವರ್ಷಗಳಿಂದ ನಮ್ಮ ಕಾಲೇಜಿನ ವಾರ್ಷಿಕ ಗುಣಮಟ್ಟದ ವರದಿಯನ್ನು ತುಂಬುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಗಣಿತ ಬಾರದವನಿಗೆ ತಕ್ಕ ಶಿಕ್ಷೆ! ಅದರಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಸಂಖ್ಯೆಗೂ ಒಂದು ಕಾಲಮ್ ಇದೆ. ಮೊದಲ ವರ್ಷ ಗುಮಾಸ್ತರು, ‘ಹೋದ ಸಲದ್ದೇ ಹಾಕಿ ಸಾರ್, ನಾಲ್ಕು’ ಎಂದರು. ನಾಲ್ಕು ಎಂದು ಬರೆದೆನು. ಎರಡನೆಯ ವರ್ಷವೂ ನಾಲ್ಕು. ಆ ನಾಲ್ವರು ಯಾರು, ಅವರಲ್ಲಿ ಎಷ್ಟು ಮಂದಿ ಓದು ಮುಗಿಸಿ ಹೋಗಿಯಾಗಿದೆ ಎಂದು ನಾನು ವಿಚಾರಿಸಲಿಲ್ಲ. ಟೆಕ್ಸಾಸಿನ ಅಧಿಕಾರಿಗಳನ್ನು ಮನಸ್ಸಿನಲ್ಲಿಯೇ ಕಟಕಟೆ ಹತ್ತಿಸಿದ್ದ ಮಹಾಶಯ ನಾನೇ.

ಪ್ರಥಮ ಬಿ.ಎ.ಯ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದಾನೆ. ಪಾಠ ಕೇಳಿ ನೆನಪಿಟ್ಟು ಹೇಳುವುದರಲ್ಲಿ ಗಟ್ಟಿಗ; ಪುಸ್ತಕ ಕೊಟ್ಟು ಓದೆಂದರೆ ಪಕ್ಕದವನ ಮುಖ ನೋಡುತ್ತಾನೆ. ಸೋಮಾರಿಯೆಂದು ಎರಡು ಸಲ ತರಗತಿಯಲ್ಲಿಯೇ ಗದರಿಸಿದ್ದೆನು. ಈ ವರ್ಷದ ನಮೂನೆ ಮೇಜಿಗೆ ಬಂದ ದಿನ ಅದೇಕೋ ಅವನನ್ನು ಕೊಠಡಿಗೆ ಕರೆಸಿದೆನು. ಓದುವಾಗ ಏನಾಗುತ್ತದೆಂದು ಕೇಳಿದ್ದಕ್ಕೆ ಬಹಳ ಹೊತ್ತು ಸುಮ್ಮನಿದ್ದು, ‘ಒತ್ತಕ್ಷರ ಬಂದ ಕಡೆ ಸಾಲು ತಪ್ಪಿಹೋಗುತ್ತದೆ ಸಾರ್. ಒಂದನೇ ಕ್ಲಾಸಿನಿಂದಲೂ ಹಾಗೇ’ ಎಂದನು. ಯಾರಿಗಾದರೂ ಹೇಳಿದ್ದೆಯೇನಪ್ಪ ಎಂದೆನು. ‘ಯಾರೂ ಕೇಳಲಿಲ್ಲ ಸಾರ್.’

ನಮ್ಮಲ್ಲಿಯೂ ೨೦೧೬ರ ಕಾಯಿದೆ ಕಲಿಕೆಯ ತೊಡಕನ್ನು ಇಪ್ಪತ್ತೊಂದು ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಪ್ರಮಾಣಪತ್ರ ಬೇಕು, ಹುಡುಗನಲ್ಲಿ ಅದಿಲ್ಲ. ಅರ್ಜಿಯನ್ನು ನಾನೇ ತುಂಬಿ, ಅವನ ಸಹಿ ಹಾಕಿಸಿ ಕಳುಹಿಸಿದ್ದೇನೆ. ಜಿಲ್ಲಾ ಆಸ್ಪತ್ರೆಗೆ ಮುಂದಿನ ಬುಧವಾರ ಬರಹೇಳಿದ್ದಾರೆ. ಅವನ ತಂದೆ ಕೂಲಿಗೆ ಹೋಗುವವರಾದುದರಿಂದ ಜೊತೆಗೆ ನಾನೇ ಹೋಗಬೇಕು.

ವಾರ್ಷಿಕ ವರದಿಯ ಆ ಕಾಲಮನ್ನು ಈ ಸಲ ಖಾಲಿ ಬಿಟ್ಟು, ‘ಎಣಿಕೆ ನಡೆಯುತ್ತಿದೆ’ ಎಂದು ಬರೆದು ಕಳುಹಿಸಿದ್ದೆನು. ನಿನ್ನೆ ಅದು ಹಿಂದಿರುಗಿ ಬಂದಿದೆ. ಸಂಖ್ಯೆಯನ್ನು ಮಾತ್ರ ನಮೂದಿಸತಕ್ಕದ್ದು ಎಂದು ಮೇಲೊಂದು ಚೀಟಿ ಅಂಟಿಸಿದ್ದಾರೆ.