ಮಠಕ್ಕೆ ಅಪವಾದ ಬಂದಾಗ

ಮಠಾಧೀಶರೊಬ್ಬರ ಶೀಲದ ಮೇಲೆ ಅಪವಾದ ಬಂದಾಗ ಆ ಮಾತನ್ನೆತ್ತದೆ ಸುಮ್ಮನಿರುವುದು ಮಠಗಳ ಪತ್ರಿಕೆಗಳಲ್ಲಿ ನಡೆದುಬಂದಿರುವ ರೂಢಿ. ಹೊರಗಿನ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಎಲ್ಲರ ಅಂಗೈಯ ಮೊಬೈಲಿನಲ್ಲಿಯೂ ಹಗಲಿರುಳು ಅದೇ ಚರ್ಚೆ ನಡೆದಿರುತ್ತದೆ. ಮಠದ ಪತ್ರಿಕೆಯಲ್ಲಿ ಮಾತ್ರ ಜಯಂತಿ, ಜಾತ್ರೆ, ದಾಸೋಹಗಳ ವರದಿಗಳು ಎಂದಿನಂತೆ ಅಚ್ಚಾಗುತ್ತವೆ. ಈ ಮೌನವನ್ನು ಓದುಗರು ಗಾಂಭೀರ್ಯವೆಂದು ತಿಳಿಯುತ್ತಿದ್ದ ಕಾಲ ಕಳೆದುಹೋಯಿತು. ಆದುದರಿಂದ ಈ ತಿಂಗಳು ಆ ವಿಷಯವನ್ನೇ ನಿಮ್ಮ ಮುಂದಿಡಬೇಕೆಂದು ಮನಸ್ಸು ಮಾಡಿದ್ದೇವೆ. ಯಾರನ್ನೂ ದೂಷಿಸುವ ಉದ್ದೇಶ ನಮ್ಮದಲ್ಲ, ಯಾರನ್ನೂ ಸಮರ್ಥಿಸುವ ಉದ್ದೇಶವೂ ಅಲ್ಲ. ಅಂಥ ಸುದ್ದಿ ಕಿವಿಗೆ ಬಿದ್ದಾಗ ಭಕ್ತರು ಹೇಗೆ ನಡೆದುಕೊಳ್ಳುತ್ತಾರೆ, ಹೇಗೆ ನಡೆದುಕೊಳ್ಳಬೇಕು ಎಂಬುದಷ್ಟೇ ಇಲ್ಲಿಯ ವಿಚಾರ.

ಚಿತ್ರದುರ್ಗದ ಮುರುಘಾಮಠದ ಪ್ರಕರಣ ನಿಮಗೆಲ್ಲ ತಿಳಿದುದೇ. ೨೦೨೨ರ ಆಗಸ್ಟ್ ೨೬ರಂದು, ಮಠದ ವಸತಿನಿಲಯದಲ್ಲಿದ್ದ ಇಬ್ಬರು ಅಪ್ರಾಪ್ತ ಬಾಲಕಿಯರ ದೂರಿನ ಮೇಲೆ ಮೈಸೂರಿನಲ್ಲಿ ಪೋಕ್ಸೊ ಕಾಯಿದೆಯನ್ವಯ ಮೊಕದ್ದಮೆ ದಾಖಲಾಯಿತು. ಸೆಪ್ಟೆಂಬರ್ ೧ರಂದು ಪೀಠಾಧಿಪತಿಗಳಾದ ಶಿವಮೂರ್ತಿ ಮುರುಘಾ ಶರಣರ ಬಂಧನವಾಯಿತು. ಅಕ್ಟೋಬರಿನಲ್ಲಿ ಎರಡನೆಯ ಮೊಕದ್ದಮೆಯೂ ದಾಖಲಾಯಿತು. ೨೦೨೩ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಜಾಮೀನು ನೀಡಿತು. ೨೦೨೪ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅವರು ಮತ್ತೆ ಸೆರೆಮನೆಗೆ ಹೋಗಬೇಕಾಯಿತು. ಕೊನೆಗೆ ೨೦೨೫ರ ನವೆಂಬರ್ ೨೬ರಂದು ಚಿತ್ರದುರ್ಗದ ನ್ಯಾಯಾಲಯವು ಮೊದಲನೆಯ ಪ್ರಕರಣದಲ್ಲಿ ಅವರನ್ನು ದೋಷಮುಕ್ತಗೊಳಿಸಿತು.

ಆ ತೀರ್ಪನ್ನು ಗೌರವಿಸುವುದು ಎಲ್ಲರ ಕರ್ತವ್ಯ. ಆದರೆ ತೀರ್ಪು ಬಂದುದು ಆರೋಪಕ್ಕೊಳಗಾದವರ ವಿಷಯದಲ್ಲಿ. ಅದಕ್ಕೆ ಮೂರು ವರ್ಷ ಮೂರು ತಿಂಗಳ ಮುಂಚೆ, ಯಾರಿಗೂ ಏನೂ ತಿಳಿಯದಿದ್ದ ಆ ಮೊದಲ ವಾರದಲ್ಲಿ, ನಾಡಿನ ಜನ ಆಡಿದ ಮಾತುಗಳ ವಿಷಯದಲ್ಲಿ ಯಾವ ನ್ಯಾಯಾಲಯವೂ ತೀರ್ಪು ಕೊಡುವುದಿಲ್ಲ. ಅದನ್ನು ಅವರವರೇ ತಮ್ಮ ಮನಸ್ಸಾಕ್ಷಿಯ ಮುಂದೆ ಕೊಟ್ಟುಕೊಳ್ಳಬೇಕು.

ತೀರ್ಪಿನ ಕೆಲವು ವಾರಗಳ ತರುವಾಯ ನಾವು ದಕ್ಷಿಣ ಕನ್ನಡಕ್ಕೆ ಹೋಗಬೇಕಾದ ಸಂದರ್ಭ ಒದಗಿತು. ಕೆಳದಿಯ ಅರಸರು ಕರಾವಳಿಯನ್ನಾಳಿದ ಕಾಲ ಎಂದೋ ಮುಗಿಯಿತು. ಈಗ ಘಟ್ಟದ ಕೆಳಗೆ ನಮ್ಮ ಸಮಾಜದವರ ಮನೆಗಳು ವಿರಳ. ಆದರೂ ಬ್ಯಾಂಕು, ಶಾಲೆ, ಆಸ್ಪತ್ರೆಗಳ ಉದ್ಯೋಗದ ನಿಮಿತ್ತ ಬಯಲುಸೀಮೆಯಿಂದ ಬಂದು ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಅಲ್ಲಲ್ಲಿ ಇದ್ದಾರೆ. ಅವರ ಒತ್ತಾಯದಂತೆ ಮೂರೂ ಊರುಗಳಲ್ಲಿ ಒಂದೊಂದು ದಿನ ತಂಗಿದೆವು. ಮೂರು ಕಡೆಯೂ ಮಾತು ಇದೇ ವಿಷಯಕ್ಕೆ ಬಂದು ನಿಂತಿತು. ಆದರೆ ಮೂರು ಕಡೆಯೂ ಮಾತಿನ ಬಗೆ ಬೇರೆಯಾಗಿತ್ತು.

ಶಿರಾಡಿ ಘಟ್ಟವನ್ನಿಳಿದು, ಮಾಣಿ, ಕಲ್ಲಡ್ಕಗಳನ್ನು ದಾಟಿ ಬಂಟ್ವಾಳದ ಬಿ.ಸಿ. ರೋಡನ್ನು ಸೇರಿದಾಗ ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಸಂಭ್ರಮದಿಂದ ಬರಮಾಡಿಕೊಂಡರು. ಪೂಜೆ, ಪ್ರಸಾದಗಳಾದ ಮೇಲೆ, "ಬುದ್ಧಿ, ಇದೆಲ್ಲ ಪಿತೂರಿ ಅಂತ ನಾನು ಮೊದಲನೇ ದಿನವೇ ಹೇಳಿದ್ದೆ. ಆ ಹುಡುಗಿಯರಿಗೆ ಯಾರೋ ಹೇಳಿಕೊಟ್ಟು ಕಳಿಸಿದ್ದು. ಈಗ ನೋಡಿ, ನನ್ನ ಮಾತೇ ನಿಜವಾಯಿತು" ಎಂದರು.

"ಮೊದಲನೆಯ ದಿನವೇ ನಿಮಗೆ ಹೇಗೆ ತಿಳಿಯಿತು?" ಎಂದು ಕೇಳಿದೆವು.

"ಪೀಠದ ಮೇಲಿನ ಭಕ್ತಿಯಿಂದ ತಿಳಿಯಿತು" ಎಂದರು.

ಸಂಸ್ಕೃತ ಪಾಠಶಾಲೆಯಲ್ಲಿ ತರ್ಕವನ್ನೋದುವಾಗ ನಮಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳನ್ನು ಕಲಿಸಿದರು. ಭಕ್ತಿಯೆಂಬ ಐದನೆಯ ಪ್ರಮಾಣವನ್ನು ಯಾವ ಗುರುವೂ ಕಲಿಸಲಿಲ್ಲ. ಭಕ್ತಿಯು ಮನಸ್ಸನ್ನು ತೊಳೆಯುವ ಸಾಧನವೇ ಹೊರತು, ನೂರಾರು ಮೈಲಿ ದೂರದ ಕೋಣೆಯೊಂದರಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ತಿಳಿಸುವ ಸಾಧನವಲ್ಲ. ಅದನ್ನು ಹಾಗೆ ಬಳಸತೊಡಗಿದರೆ ಅದು ಎಲ್ಲಿಗೆ ಒಯ್ಯುತ್ತದೆಂಬುದನ್ನು ೨೦೧೭ರ ಆಗಸ್ಟ್ ೨೫ರಂದು ಹರಿಯಾಣದ ಪಂಚಕುಲದಲ್ಲಿ ದೇಶವೇ ಕಂಡಿತು. ಡೇರಾ ಸಚ್ಚಾ ಸೌದಾದ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್ ಅತ್ಯಾಚಾರದ ಅಪರಾಧಿಯೆಂದು ನ್ಯಾಯಾಲಯವು ಸಾರಿದೊಡನೆ ಭಕ್ತರ ಗುಂಪು ದೊಂಬಿಗಿಳಿದು, ಮೂವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ಬ್ಯಾಂಕಿನ ಮಿತ್ರರು ಕಲ್ಲೆಸೆಯುವವರಲ್ಲ. ಸಾತ್ತ್ವಿಕರು, ದಾಸೋಹಕ್ಕೆ ತಪ್ಪದೆ ಅಕ್ಕಿ ಕಳುಹಿಸುವವರು. ಆದರೆ ಶಾಲೆಗೆ ಹೋಗುವ ಇಬ್ಬರು ಮಕ್ಕಳನ್ನು, ಅವರ ಮಾತು ಕೇಳುವ ಮುನ್ನವೇ, ಸುಳ್ಳುಗಾರರೆಂದು ಅವರು ನಿರ್ಣಯಿಸಿಬಿಟ್ಟಿದ್ದರು. ತೀರ್ಪು ಆಮೇಲೆ ಯಾವ ಕಡೆಗೆ ಬಂದರೂ ಆ ದಿನದ ಆ ನಿರ್ಣಯವು ನ್ಯಾಯವಾಗುವುದಿಲ್ಲ.

ಮರುದಿನ ಗುರುವಾಯನಕೆರೆಯ ಮಾರ್ಗವಾಗಿ ಬೆಳ್ತಂಗಡಿಗೆ ಹೋದೆವು. ಅಲ್ಲಿಯ ನಮ್ಮ ಶಿಷ್ಯರೊಬ್ಬರು ನಿವೃತ್ತ ಉಪಾಧ್ಯಾಯರು. ಅವರ ಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತು. ೨೦೨೨ರಲ್ಲಿ ಸುದ್ದಿ ಬಂದ ಸಂಜೆಯೇ ಅವರು ಗೋಡೆಯ ಮೇಲಿದ್ದ ಸ್ವಾಮಿಗಳ ಭಾವಚಿತ್ರಗಳನ್ನೆಲ್ಲ ಇಳಿಸಿದರಂತೆ. ಒಂದು ಮಠದವರದನ್ನಲ್ಲ, ಎಲ್ಲ ಮಠಗಳವರದನ್ನೂ. "ತೀರ್ಪು ಏನೇ ಬರಲಿ, ಕಾವಿಯೆಲ್ಲ ಒಂದೇ. ತಾವು ಬೇಸರಿಸಬಾರದು" ಎಂದರು. ನಾವು ಬೇಸರಿಸಲಿಲ್ಲ. ಆದರೆ ಸರಿಯಾಗಿ ನೋಡಿದರೆ ಇದೂ ಬಂಟ್ವಾಳದ ಮಾತಿನ ಒಡಹುಟ್ಟಿದುದೇ. ಅಲ್ಲಿ ವಿಚಾರಣೆಗೆ ಮುಂಚೆ ಬಿಡುಗಡೆ. ಇಲ್ಲಿ ವಿಚಾರಣೆಗೆ ಮುಂಚೆ ಶಿಕ್ಷೆ. ಆ ತಾಲೂಕಿನವರಿಗೆ ಇದರ ಅನುಭವ ಬೇರೊಂದು ಬಗೆಯಲ್ಲಿಯೂ ಆಗಿದೆ. ೨೦೨೫ರ ಜುಲೈ ತಿಂಗಳಲ್ಲಿ, ಧರ್ಮಸ್ಥಳದ ಪರಿಸರದಲ್ಲಿ ಅನೇಕ ಶವಗಳನ್ನು ತಾನು ಹೂತಿದ್ದೆನೆಂದು ಒಬ್ಬನು ದೂರಿತ್ತನು, ಸರ್ಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿತು, ಅಗೆತ ನಡೆಯಿತು, ಆಗಸ್ಟಿನಲ್ಲಿ ಆ ದೂರುದಾರನೇ ಬಂಧನಕ್ಕೊಳಗಾದನು. ಅಷ್ಟೂ ದಿನ ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ತೀರ್ಪು ಕೈಯಲ್ಲಿ ಹಿಡಿದುಕೊಂಡವರೇ ಎಲ್ಲರೂ. ತನಿಖೆ ಮುಗಿಯಲೆಂದು ಕಾದವರು ಅಲ್ಲೊಬ್ಬರು ಇಲ್ಲೊಬ್ಬರು ಎಂದು ಉಪಾಧ್ಯಾಯರೇ ಒಪ್ಪಿಕೊಂಡರು.

ಅವಸರದ ನಿಂದೆಗೆ ಇನ್ನೊಂದು ಮುಖವುಂಟು, ಅದು ರುಚಿ. ೨೦೧೦ರ ಮಾರ್ಚಿನಲ್ಲಿ ಬಿಡದಿಯ ನಿತ್ಯಾನಂದರದೆಂದು ಹೇಳಲಾದ ದೃಶ್ಯಗಳನ್ನು ದೂರದರ್ಶನ ವಾಹಿನಿಗಳು ಮತ್ತೆ ಮತ್ತೆ ತೋರಿಸಿದಾಗ, ನೋಡಿದವರೆಲ್ಲ ಧರ್ಮಚಿಂತೆಯಿಂದಲೇ ನೋಡಿದರೆಂದು ಹೇಳಲಾದೀತೆ? ಈ ರುಚಿಗೆ ಬಲಿಯಾಗುವವರೂ ಇರುತ್ತಾರೆ. ೨೦೨೨ರ ಸೆಪ್ಟೆಂಬರ್ ೫ರಂದು ಬೈಲಹೊಂಗಲ ತಾಲೂಕಿನ ನೇಗಿನಹಾಳದ ಮಠದ ಸ್ವಾಮಿಗಳು ನೇಣಿಗೆ ಕೊರಳೊಡ್ಡಿದರು. ಇಬ್ಬರು ಹೆಂಗಸರು ಫೋನಿನಲ್ಲಿ ಮಠಾಧೀಶರ ಬಗ್ಗೆ ಆಡಿಕೊಂಡ ಮಾತಿನ ಧ್ವನಿಮುದ್ರಿಕೆಯೊಂದು ಆಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಅದರಲ್ಲಿ ಅವರ ಹೆಸರೂ ಇತ್ತು. ಅವರ ಮೇಲೆ ಒಂದು ದೂರೂ ಇರಲಿಲ್ಲ. ಅದನ್ನು ಮುಂದಕ್ಕೆ ಕಳುಹಿಸಿದ ಸಾವಿರಾರು ಬೆರಳುಗಳಲ್ಲಿ ಭಕ್ತರ ಬೆರಳುಗಳೂ ಇದ್ದವೆಂಬುದನ್ನು ಮರೆಯಲಾಗದು.

ಬೆಳ್ತಂಗಡಿಯಿಂದ ವೇಣೂರಿನ ಹಾದಿಯಲ್ಲಿ ಮೂಡುಬಿದಿರೆಯನ್ನು ಸೇರಿದೆವು. ಉತ್ತರ ಕರ್ನಾಟಕದಿಂದ ಅಲ್ಲಿಗೆ ಓದಲು ಬಂದಿರುವ ಮಕ್ಕಳು ಬಹಳ. ಅವರಿಗಾಗಿ ಚಿಕ್ಕದೊಂದು ಪ್ರವಚನ ಏರ್ಪಟ್ಟಿತ್ತು. ಅದು ಮುಗಿದು ಎಲ್ಲರೂ ಎದ್ದುಹೋದ ಮೇಲೆ, ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತಿರುವ ಗದಗಿನ ಕಡೆಯ ತಾಯಿಯೊಬ್ಬಳು ಮಗಳ ಕೈ ಹಿಡಿದು ಬಂದು ನಿಂತಳು. ಆಕೆಯ ಗಂಡ ನಮ್ಮ ಪ್ರಸಾದ ನಿಲಯದಲ್ಲಿ ಉಂಡು ಓದಿದವನು, ಈಗಿಲ್ಲ. ಮಗಳು ಏಳನೆಯ ತರಗತಿ. ಆಕೆ ಪಿತೂರಿಯ ಮಾತಾಡಲಿಲ್ಲ, ಕಾವಿಯ ಮಾತನ್ನೂ ಆಡಲಿಲ್ಲ. "ಅಪ್ಪಾರೀ, ಕೇಳಬಾರದು ಅಂತಿದ್ದೆ, ಆದ್ರ ಕೇಳಬೇಕಾಗೇತಿ. ಈಕೀನ ನಿಮ್ಮ ಮಠಕ್ಕ ಕಳಸಲೇನ್ರೀ?" ಎಂದಳು.

ಸದ್ಭಕ್ತರೇ, ಮೂರು ಊರುಗಳಲ್ಲಿ ನಾವು ಕೇಳಿದ ಮಾತುಗಳಲ್ಲಿ ಮಗುವಿನ ಕಡೆಗೆ ಮುಖ ಮಾಡಿದ್ದ ಮಾತು ಇದೊಂದೇ. ಮಿಕ್ಕವರಿಬ್ಬರೂ ತಮ್ಮ ತಮ್ಮ ನಂಬಿಕೆಯನ್ನು ಕುರಿತೇ ಮಾತಾಡುತ್ತಿದ್ದರು. ಒಬ್ಬರು ನಂಬಿಕೆಯನ್ನುಳಿಸಿಕೊಳ್ಳಲು ಸ್ವಾಮಿಗಳನ್ನುಳಿಸಿದರು; ಇನ್ನೊಬ್ಬರು ಸ್ವಾಮಿಗಳನ್ನು ಬಿಡುವಾಗ ನಂಬಿಕೆಯನ್ನೂ ಬಿಟ್ಟರು. ಈ ಗೊಂದಲಕ್ಕೆ ಕಾರಣವೊಂದೇ: ಇಬ್ಬರೂ ತಮ್ಮ ಧರ್ಮವನ್ನು ಒಬ್ಬ ಮನುಷ್ಯನಲ್ಲಿ ಠೇವಣಿಯಿಟ್ಟಿದ್ದರು. ನಮ್ಮ ಶರಣರು ಹಾಗೆ ಮಾಡಿರೆಂದು ಹೇಳಲಿಲ್ಲ. ದೀಕ್ಷೆಯ ಹೊತ್ತಿನಲ್ಲಿ ಗುರುವು ಲಿಂಗವನ್ನು ಶಿಷ್ಯನ ಕರಸ್ಥಲಕ್ಕೇ ಕೊಡುತ್ತಾನೆ. ತನ್ನ ಬಳಿ ಇಟ್ಟುಕೊಳ್ಳುವುದಿಲ್ಲ. ಕೊಟ್ಟವನು ಆಮೇಲೆ ಜಾರಿದರೆ ಅಂಗೈಯ ಲಿಂಗ ಜಾರುವುದಿಲ್ಲ. ಇದನ್ನರಿತ ಭಕ್ತನಿಗೆ, ಧರ್ಮವನ್ನುಳಿಸಲು ಸ್ವಾಮಿಗಳನ್ನುಳಿಸಬೇಕಾದ ಭಯವಿಲ್ಲ. ಆ ಭಯವಿಲ್ಲದವನ ಕಿವಿ ಮಾತ್ರವೇ ಮಗುವಿನ ಮಾತಿಗೆ ತೆರೆದಿರುತ್ತದೆ.

ಪ್ರಶ್ನಿಸುವುದು ಗುರುದ್ರೋಹವೆಂದು ಹೇಳುವವರಿದ್ದಾರೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಎಲ್ಲ ಶರಣರೆದುರಿಗೆ ನಿಷ್ಠುರವಾಗಿ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅವನನ್ನು ಹಿಂದಿರುಗಿಸಿದಳು. ಪ್ರಶ್ನೆಗೆ ಹೆದರದ ಪರಂಪರೆಯಲ್ಲಿ ಹುಟ್ಟಿ ನಾವು ಪ್ರಶ್ನೆಗೇಕೆ ಹೆದರಬೇಕು? ಹೆದರಿ ಮುಚ್ಚಿಟ್ಟವರ ಗತಿಯನ್ನೂ ಜಗತ್ತು ಕಂಡಿದೆ. ಅಮೆರಿಕದ ಬಾಸ್ಟನ್ ನಗರದಲ್ಲಿ, ಮಕ್ಕಳನ್ನು ಕೆಡಿಸಿದ ಪಾದ್ರಿಗಳನ್ನು ಕಥೋಲಿಕ ಧರ್ಮಪ್ರಾಂತ್ಯದ ಹಿರಿಯರು ಪೊಲೀಸರಿಗೆ ಒಪ್ಪಿಸದೆ ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತಿದ್ದುದು ೨೦೦೨ರಲ್ಲಿ ಪತ್ರಿಕೆಯೊಂದರ ಮೂಲಕ ಬಯಲಾಯಿತು. ಆ ವರ್ಷದ ಕೊನೆಗೆ ಅಲ್ಲಿಯ ಕಾರ್ಡಿನಲ್ ಪದವಿ ತ್ಯಜಿಸಬೇಕಾಯಿತು. ಅಲ್ಲಿಯ ಸಂಸ್ಥೆಯನ್ನು ಕುಗ್ಗಿಸಿದುದು ಪಾಪವೊಂದೇ ಅಲ್ಲ. ಮರ್ಯಾದೆಯುಳಿಸುವ ಹೆಸರಿನಲ್ಲಿ ನಡೆದ ಮುಚ್ಚುಮರೆ ಅದಕ್ಕಿಂತ ಹೆಚ್ಚು ಕುಗ್ಗಿಸಿತು.

ನಮ್ಮ ದೇಶದಲ್ಲಿ ೨೦೧೨ರ ಪೋಕ್ಸೊ ಕಾಯಿದೆಯು ಈ ಮುಚ್ಚುಮರೆಯನ್ನೇ ಅಪರಾಧವಾಗಿಸಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವನು ಮಾಡಿದ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಮಗುವಿನ ಹೆಸರನ್ನಾಗಲಿ ಗುರುತನ್ನಾಗಲಿ ಪ್ರಕಟಿಸುವುದೂ ಅಪರಾಧವೇ. ದೂರಿತ್ತ ಮಗುವಿನ ಊರು, ಮನೆತನಗಳನ್ನು ಕೆದಕುವುದನ್ನು ಭಕ್ತಿಯೆಂದು ತಿಳಿದವರು ಇದನ್ನು ಗಮನಿಸಬೇಕು.

ಆ ತಾಯಿಗೆ ನಾವು ಕೊಟ್ಟ ಉತ್ತರವನ್ನು ನಿಮಗೂ ತಿಳಿಸುತ್ತೇವೆ. "ಅವ್ವಾ, ನಮ್ಮನ್ನು ನಂಬಿ ಕಳುಹಿಸಬೇಡ, ನೋಡಿ ಕಳುಹಿಸು. ಮೊದಲು ನೀನು ಬಂದು ಬಾಲಿಕೆಯರ ನಿಲಯದಲ್ಲಿ ಎರಡು ದಿನ ಇರು. ಅಲ್ಲಿ ಯಾವ ಮಗುವೂ ಒಂಟಿಯಾಗಿ ನಮ್ಮ ಕೋಣೆಗೆ ಬರುವಂತಿಲ್ಲ. ದರ್ಶನ, ಆಶೀರ್ವಾದ ಎಲ್ಲವೂ ತೆರೆದ ಪಡಸಾಲೆಯಲ್ಲಿ, ಎಲ್ಲರೆದುರಿಗೆ. ಮೇಲ್ವಿಚಾರಣೆಯ ಸಮಿತಿಯಲ್ಲಿ ಮಠದ ಸಂಬಳವನ್ನಾಗಲಿ ಋಣವನ್ನಾಗಲಿ ಹೊರದ ಇಬ್ಬರು ತಾಯಂದಿರಿದ್ದಾರೆ. ದೂರಿನ ಪೆಟ್ಟಿಗೆಯ ಕೀಲಿಕೈ ನಮ್ಮ ಬಳಿಯಿಲ್ಲ, ಊರ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿಯ ಬಳಿಯಿದೆ. ಮಕ್ಕಳ ಸಹಾಯವಾಣಿ ೧೦೯೮ ಎಂಬುದನ್ನು ಊಟದ ಮನೆಯ ಗೋಡೆಯ ಮೇಲೆಯೇ ಬರೆಸಿದ್ದೇವೆ. ನಿನ್ನ ಮಗಳ ಮಾತನ್ನು ಕೇಳುವವರು ನಮ್ಮ ಹೊರಗೂ ಇರಬೇಕು, ನಾವು ಒಳ್ಳೆಯವರೆಂಬುದು ಆಕೆಗೆ ಸಾಕಾದ ರಕ್ಷಣೆಯಲ್ಲ" ಎಂದೆವು. ಆಕೆ ನಮಸ್ಕರಿಸಿ, "ಬರ್ತೀನ್ರೀ, ನೋಡ್ತೀನಿ" ಎಂದಳು. "ಕಳುಹಿಸುತ್ತೇನೆ" ಎನ್ನಲಿಲ್ಲ. ಅದು ಸರಿಯಾದ ಉತ್ತರವೆಂದೇ ನಮಗೆ ತೋರಿತು.

ಮೂಡುಬಿದಿರೆಯನ್ನು ಬಿಡುವ ಮುನ್ನ, ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ದರ್ಶಿಸಿದೆವು. ಅಲ್ಲಿಯ ಛಾವಣಿ ಯಾವುದೋ ಒಂದು ಕಂಬದ ಮೇಲೆ ನಿಂತಿಲ್ಲ. ಒಂದು ಕಂಬದಲ್ಲಿ ಬಿರುಕಿದೆಯೆಂದು ಯಾರಾದರೂ ಹೇಳಿದರೆ, ಹೇಳಿದವನ ಬಾಯಿ ಮುಚ್ಚಿಸುವುದೂ ತರವಲ್ಲ, ಬಸದಿಯನ್ನೇ ಕೆಡಹುವುದೂ ತರವಲ್ಲ. ತಿಳಿದವರನ್ನು ಕರೆಸಿ ಪರೀಕ್ಷಿಸಬೇಕು. ಪರೀಕ್ಷೆ ಮುಗಿಯುವವರೆಗೆ ಆ ಕಂಬದ ಕೆಳಗೆ ಮಕ್ಕಳನ್ನು ಕೂರಿಸಬಾರದು. ಬಿರುಕಿಲ್ಲವೆಂದು ತಿಳಿದುಬಂದರೆ ಸಂತೋಷ. ಆಗಲೂ ಎಚ್ಚರಿಸಿದವನನ್ನು ಶಪಿಸಬೇಕಾದುದಿಲ್ಲ.

ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದಾಗ, ಅವರ ಮಠದಲ್ಲಿ ಉಂಡು ಓದಿದವರು ನಾಡಿನ ಮೂಲೆಮೂಲೆಯಲ್ಲಿ ಕಣ್ಣೀರಿಟ್ಟರು. ಬಡವರು ತಮ್ಮ ಮಕ್ಕಳನ್ನು ಮಠಗಳಿಗೊಪ್ಪಿಸಿದ ಆ ವಿಶ್ವಾಸ ತಲೆಮಾರುಗಳ ಗಳಿಕೆ. ಅದನ್ನು ಕಾಯುವ ಹೊಣೆ ಪೀಠದಲ್ಲಿ ಕುಳಿತವರಿಗೆಷ್ಟೋ ಮಠದ ಅನ್ನವುಂಡು ಬೆಳೆದ ನಿಮಗೂ ಅಷ್ಟೇ. ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಜಾತ್ರೆಗೆ ಬಂದಾಗ ಪಾದಕ್ಕೆರಗಿ ಪ್ರಸಾದ ಸ್ವೀಕರಿಸಿ ಹೊರಟುಬಿಡಬೇಡಿರಿ. ನಿಲಯದೊಳಕ್ಕೆ ಹೋಗಿರಿ, ಮಕ್ಕಳ ಪಕ್ಕದಲ್ಲಿ ಕುಳಿತು ಮಾತಾಡಿಸಿರಿ, ರಾತ್ರಿ ಯಾರು ಕಾವಲಿರುತ್ತಾರೆಂದು ಕೇಳಿರಿ, ಲೆಕ್ಕದ ಪುಸ್ತಕವನ್ನು ತೆರೆಸಿರಿ. ಸರಿಕಾಣದ್ದು ಕಂಡರೆ ನಮ್ಮ ಮುಖ ನೋಡದೆ ಹೇಳಿರಿ. ಶಿವನು ನಿಮಗೆ ಆ ಧೈರ್ಯವನ್ನೂ, ನಮಗೆ ಅದನ್ನು ಕೇಳುವ ತಾಳ್ಮೆಯನ್ನೂ ಕರುಣಿಸಲಿ.