ಊರಿಗೆ ಹತ್ತು ಸುತ್ತು

ದೂರ ಪ್ರಯಾಣವೆಂದರೆ ಊರು ಬಿಟ್ಟು ಹೋಗುವುದೆಂದೇ ನಾವೆಲ್ಲ ತಿಳಿದಿದ್ದೆವು. ಕಳೆದ ಪುಷ್ಯಮಾಸದ ಒಂದು ಭಾನುವಾರ ನಾವು ಐವರು ಗೆಳೆಯರು ಮಡಕಶಿರವನ್ನು ಬಿಡದೆಯೇ 50 ಕಿಲೋಮೀಟರು ದೂರವನ್ನು ಓಡಿ ಮುಗಿಸಿದೆವು. ಆ ಪ್ರಯಾಣದ ವೃತ್ತಾಂತವನ್ನು ವಾಚಕರಲ್ಲಿ ನಿವೇದಿಸುವುದು ಈ ಬರಹದ ಉದ್ದೇಶ.

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ಈ ದೂರವೇ 1921ರಲ್ಲಿ ಅಧಿಕೃತವಾಯಿತು. ಅದನ್ನು ಮೀರಿದ ಓಟಕ್ಕೆಲ್ಲ ಅಲ್ಟ್ರಾ ಮ್ಯಾರಥಾನ್ ಎಂದು ಹೆಸರು. 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮತ್ತು ಓಷಿಯಾನಿಯಾ ದೇಶಗಳ 24 ಗಂಟೆಗಳ ಓಟ ನಡೆದಾಗ ನಮ್ಮಲ್ಲಿಬ್ಬರು ಹೋಗಿ ನೋಡಿ ಬಂದರು. ಭಾರತದ ಅಮರ್ ಸಿಂಗ್ ದೇವಂದಾ 257.618 ಕಿಲೋಮೀಟರು ಓಡಿ ಗೆದ್ದದ್ದು 400 ಮೀಟರಿನ ಅದೇ ಪಥದಲ್ಲಿ. ಎಂದರೆ ಸುಮಾರು 644 ಸುತ್ತು! “ಒಂದೇ ಜಾಗವನ್ನು ಸುತ್ತಿಯೂ ಅಷ್ಟು ದೂರ ಹೋಗಬಹುದಾದರೆ, ನಮ್ಮ ಊರು ಸಾಲದೇ?” ಎಂದವರು ನಮ್ಮ ಮೇಷ್ಟ್ರು.

ಮೇಷ್ಟ್ರಿಗೆ 61 ವರ್ಷ. ಗಡಿಯ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿಸಿ ನಿವೃತ್ತರಾದವರು. ಯುಗಾದಿ ಕಳೆದ ಮೇಲೆ ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ನೆಲೆಸುವುದೆಂದು ನಿಶ್ಚಯವಾಗಿತ್ತು. ಆದ್ದರಿಂದ ಆ ಓಟಕ್ಕೆ ನಮ್ಮ ಮನಸ್ಸಿನಲ್ಲಿ ಬೇರೊಂದು ಅರ್ಥವೂ ಇತ್ತು. ವೈದ್ಯರನ್ನು ಕಂಡು, ಆರು ತಿಂಗಳು ಭಾನುವಾರ ತಪ್ಪದೆ ಅಭ್ಯಾಸ ಮಾಡಿದ ಬಳಿಕವೇ ದಿನ ಗೊತ್ತುಮಾಡಿದೆವು.

ಬಸ್ ನಿಲ್ದಾಣದಿಂದ ಹೊರಟು, ಬೆಟ್ಟದ ಕೋಟೆಯ ತಪ್ಪಲನ್ನು ಬಳಸಿ, ಪೇಟೆಯ ಬೀದಿಗಳನ್ನು ಹಾದು ಮರಳಿ ಬರುವಂತೆ ಐದು ಕಿಲೋಮೀಟರಿನ ಸುತ್ತೊಂದನ್ನು ಗುರುತಿಸಿಕೊಂಡಿದ್ದೆವು. ಬೆಳಗಿನ ಜಾವ ಮೂರಕ್ಕೆ ಹೊರಟೆವು. ಉಸಿರು ಮಾತಿಗೆ ಉಳಿಯುವಷ್ಟೇ ವೇಗ; ಏರಿನಲ್ಲಿ ನಡಿಗೆ. ಬರಿಯ ನೀರನ್ನೇ ವಿಪರೀತ ಕುಡಿದರೆ ರಕ್ತದ ಉಪ್ಪಿನ ಅಂಶ ತಗ್ಗಿ ಅಪಾಯವಾಗುವುದುಂಟು. ಅದಕ್ಕೆಂದು ಉಪ್ಪು ಬೆರೆಸಿದ ಮಜ್ಜಿಗೆ, ರಾಗಿ ಅಂಬಲಿ, ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿಗಳನ್ನು ನಿಲ್ದಾಣದ ಬಳಿ ಇರಿಸಿದ್ದೆವು.

ಮೊದಲ ಸುತ್ತಿನಲ್ಲಿ ನಾಯಿಗಳ ಹೊರತು ಯಾರೂ ಎದ್ದಿರಲಿಲ್ಲ. ಮೂರನೆಯದರಲ್ಲಿ ಬಾಗಿಲುಗಳಿಗೆ ನೀರು ಬಿದ್ದಿತ್ತು. ಐದನೆಯದರಲ್ಲಿ ರಂಗೋಲಿ ಮೂಡಿತ್ತು. ನಿಲ್ದಾಣದಲ್ಲಿ ಆಂಧ್ರದ ಬಸ್ಸೂ ಕರ್ನಾಟಕದ ಬಸ್ಸೂ ಹೊಗೆಯುಗುಳುತ್ತ ನಿಂತಿದ್ದವು. ಮೂರು ದಿಕ್ಕಿಗೆ ಕರ್ನಾಟಕವನ್ನಿಟ್ಟುಕೊಂಡ ನಮ್ಮ ಊರು ಮದರಾಸು ಪ್ರಾಂತದಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯಕ್ಕೂ 1956ರಲ್ಲಿ ಆಂಧ್ರಪ್ರದೇಶಕ್ಕೂ ಸೇರಿತು. 2022ರಲ್ಲಿ ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯದಾಯಿತು. ಕುಳಿತಲ್ಲಿಂದ ಕದಲದೆಯೇ ಇಷ್ಟು ದೂರ ಬಂದ ಊರು ನಮ್ಮದು!

ಓಡುತ್ತಲೇ ಮೇಷ್ಟ್ರು ಹೇಮಾವತಿಯ ಕಥೆ ಹೇಳಿದರು. ಹೆಂಜೇರು ಎಂಬ ಹಳೆಯ ಹೆಸರಿನ ಆ ಊರು ನೊಳಂಬರ ರಾಜಧಾನಿ. ಅವರ ಕೆತ್ತನೆಯ ಕಂಬಗಳನ್ನು ಚೋಳರು ಗೆದ್ದು ಒಯ್ದರು. ಅವು ಇಂದಿಗೂ ಕಾವೇರಿ ದಂಡೆಯ ತಿರುವೈಯಾರಿನ ದೇವಾಲಯದಲ್ಲಿವೆ. “ನೋಡಿ, ಕಂಬ ಊರು ಬಿಟ್ಟಿತು. ಆದರೆ ನೊಳಂಬರ ಕಂಬವೆಂಬ ಹೆಸರನ್ನು ಬಿಡಲಿಲ್ಲ” ಎಂದರು. ನಾವು ಯಾರೂ ಮಾತನಾಡಲಿಲ್ಲ.

ಒಂಬತ್ತನೆಯ ಸುತ್ತಿನಲ್ಲಿ ಬಿಸಿಲೇರಿತು. ಮೇಷ್ಟ್ರು ಒಂದು ಜಗುಲಿಯ ಮೇಲೆ ಕುಳಿತುಬಿಟ್ಟರು. “ಕಾಲು ಕೇಳುತ್ತಿಲ್ಲಪ್ಪ. ನೀವು ಹೋಗಿ ಮುಗಿಸಿ” ಎಂದರು. ಆ ಮನೆಯ ಗೃಹಿಣಿ ಹೊರಗೆ ಬಂದವರು ದಿಟ್ಟಿಸಿ ನೋಡಿ, “ಮೇಷ್ಟ್ರೇ, ನೀವಾ!” ಎಂದರು. ಒಂದನೆಯ ತರಗತಿಯಲ್ಲಿ ಇವರ ಬಳಿಯೇ ಅಕ್ಷರ ತಿದ್ದಿದ್ದವರಂತೆ. ಒಳಗಿದ್ದ ಪತಿಗೆ ತೆಲುಗಿನಲ್ಲಿ ಕೂಗಿ ಮಜ್ಜಿಗೆ ತರಿಸಿದರು. ಗುರುಗಳೊಡನೆ ಕನ್ನಡದಲ್ಲಿ ಕ್ಷೇಮ ವಿಚಾರಿಸಿದರು. ಹೊರಡುವಾಗ, “ಅರ್ಧ ಪಾಠಕ್ಕೆ ನಮ್ಮನ್ನು ನೀವು ಎಂದೂ ಎಬ್ಬಿಸಿದವರಲ್ಲ” ಎಂದು ನಕ್ಕರು.

ಮೇಷ್ಟ್ರು ಎದ್ದರು. ತಲೆಸುತ್ತಾಗಲಿ ಎದೆನೋವಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡು ನಾವೆಲ್ಲ ಓಟವನ್ನು ನಿಲ್ಲಿಸಿ ಅವರೊಡನೆ ನಡೆದೆವು. ಉಳಿದ ದೂರವನ್ನು ಅವರ ಹೆಜ್ಜೆಗೆ ಹೆಜ್ಜೆಯಿಟ್ಟು ಮುಗಿಸಿದಾಗ ಗಂಟೆ ಹನ್ನೆರಡಾಗಿತ್ತು. ನಮ್ಮನ್ನು ಎದುರುಗೊಳ್ಳಲು ಪದಕವಿರಲಿಲ್ಲ, ವಾದ್ಯವಿರಲಿಲ್ಲ, ಹೊರಡಲಿದ್ದ ಬಸ್ಸಿನ ಕಂಡಕ್ಟರು ಮಾತ್ರ, “ಬೆಳಗ್ಗೆಯಿಂದ ಇಲ್ಲೇ ಸುತ್ತುತ್ತಿದ್ದೀರಲ್ಲ, ಏನು ಕಳೆದುಕೊಂಡಿರಿ?” ಎಂದು ಕೇಳಿದರು. ಮೇಷ್ಟ್ರು ಬೆಟ್ಟದ ಕಡೆ ನೋಡುತ್ತ ಸುಮ್ಮನೆ ನಕ್ಕರು.

ಯುಗಾದಿ ಕಳೆಯಿತು, ಅವರು ಹೋದರು. ಮೊನ್ನೆ ದೂರವಾಣಿಯಲ್ಲಿ ಅವರು ಕೇಳಿದ್ದು ಒಂದೇ ಮಾತು: “ಹನ್ನೊಂದನೆಯ ಸುತ್ತು ಎಂದು?” ಬರುವ ಪುಷ್ಯಕ್ಕೆಂದು ಹೇಳಿದ್ದೇವೆ. ವಾಚಕರೂ ತಮ್ಮ ತಮ್ಮ ಊರುಗಳನ್ನು ಒಮ್ಮೆ ಸುತ್ತಿ ನೋಡಬಾರದೇಕೆ? ಓಡಲೇಬೇಕೆಂದಿಲ್ಲ.